ಕರಗದೆ ಉಳಿದ ಡಾಲರುಗಳು: ಬೆಳ್ಳಿ ನಾಣ್ಯ ಸಂಗ್ರಾಹಕರಿಗೆ 14 ಸೂತ್ರಗಳು

1918ರ ಏಪ್ರಿಲ್ 23ರಂದು ಅಮೆರಿಕದಲ್ಲಿ ಪಿಟ್‌ಮನ್ ಕಾಯ್ದೆ ಜಾರಿಗೆ ಬಂತು. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಬ್ರಿಟಿಷ್ ಇಂಡಿಯಾದಲ್ಲಿ ಬೆಳ್ಳಿಗೆ ಬರ ಬಂದಿತ್ತು. ನೋಟು ಹಿಡಿದು ಬಂದವರಿಗೆ ಬೆಳ್ಳಿ ರೂಪಾಯಿ ಎಣಿಸಿಕೊಡುವುದು ಸರ್ಕಾರಕ್ಕೆ ಕಷ್ಟವಾಗಿತ್ತು. ಆ ಕಾಯ್ದೆಯಡಿ ಅಮೆರಿಕ ತನ್ನ ಖಜಾನೆಯ 27,02,32,722 ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ 25,91,21,554 ನಾಣ್ಯಗಳ ಬೆಳ್ಳಿಯನ್ನು ಬ್ರಿಟನ್ ಕೊಂಡುಕೊಂಡಿತು. ಅದು ಹಡಗೇರಿ ಇಂಡಿಯಾಕ್ಕೆ ಬಂದು, ಮುಂಬಯಿ ಮತ್ತು ಕಲ್ಕತ್ತೆಯ ಟಂಕಸಾಲೆಗಳಲ್ಲಿ ಐದನೇ ಜಾರ್ಜ್ ದೊರೆಯ ರೂಪಾಯಿಯಾಯಿತು. ಒಂದು ಡಾಲರಿನಲ್ಲಿದ್ದ ಅಪ್ಪಟ ಬೆಳ್ಳಿ 371.25 ಗ್ರೇನ್, ಅಂದಿನ ರೂಪಾಯಿಯಲ್ಲಿದ್ದದ್ದು 165 ಗ್ರೇನ್. ಲೆಕ್ಕ ಹಾಕಿ ನೋಡಿ, ಒಂದು ಡಾಲರಿಗೆ ಸರಿಯಾಗಿ ಎರಡೂಕಾಲು ರೂಪಾಯಿ. ನಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿ ಉಳಿದಿರುವ 1918, 1919ರ ರೂಪಾಯಿಗಳಲ್ಲಿ ಅಮೆರಿಕದ ಡಾಲರಿನ ಬೆಳ್ಳಿ ಬೆರೆತಿರಬಹುದು.

ಈ ಇತಿಹಾಸದಲ್ಲೇ ಸಂಗ್ರಾಹಕರಿಗೆ ಬೇಕಾದ ಮುಖ್ಯ ಪಾಠವಿದೆ. ಬೆಳ್ಳಿ ಡಾಲರಿನ ಬೆಲೆಯನ್ನು ನಿರ್ಧರಿಸುವುದು ಎಷ್ಟು ಉಳಿದವು ಮತ್ತು ಯಾವ ಸ್ಥಿತಿಯಲ್ಲಿ ಉಳಿದವು ಎಂಬ ಎರಡು ಸಂಗತಿಗಳು. ಇವನ್ನು ಬಲ್ಲವರು ಸಣ್ಣ ಬಂಡವಾಳದಲ್ಲೂ ಹೆಮ್ಮೆಪಡುವಂಥ ಸಂಗ್ರಹ ಕಟ್ಟುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿರಲಿ, ಊರಿನಲ್ಲೇ ಕೂತು ಈ ಹವ್ಯಾಸಕ್ಕೆ ಕೈ ಹಾಕಿದವರಿರಲಿ, ದುಡ್ಡು ಬಿಚ್ಚುವ ಮುನ್ನ ಈ ಹದಿನಾಲ್ಕು ಸೂತ್ರಗಳನ್ನು ಓದಿಕೊಳ್ಳಿ.

1. ಮೊದಲು ವಂಶಾವಳಿ ಕಲಿಯಿರಿ

1792ರ ಏಪ್ರಿಲ್ 2ರ ಕಾಯ್ದೆಯಿಂದ ಅಮೆರಿಕದ ಟಂಕಸಾಲೆ ಫಿಲಡೆಲ್ಫಿಯಾದಲ್ಲಿ ಹುಟ್ಟಿತು. ಅಂದು ಎಲ್ಲೆಡೆ ಓಡಾಡುತ್ತಿದ್ದ ಸ್ಪೇನಿನ ಎಂಟು ರಿಯಾಲ್ ನಾಣ್ಯವೇ ಡಾಲರಿಗೆ ಮಾದರಿ. ಮುಂದಿನ ಸಾಲು ಹೀಗಿದೆ:

- ಫ್ಲೋಯಿಂಗ್ ಹೇರ್: 1794–1795
- ಡ್ರೇಪ್ಡ್ ಬಸ್ಟ್: 1795ರಿಂದ
- ಗೋಬ್ರೆಕ್ಟ್: 1836–1839
- ಸೀಟೆಡ್ ಲಿಬರ್ಟಿ: 1840–1873
- ಟ್ರೇಡ್ ಡಾಲರ್: 1873–1885
- ಮಾರ್ಗನ್: 1878–1904, ಮತ್ತೆ 1921
- ಪೀಸ್: 1921–1928, ಮತ್ತೆ 1934–1935

ಈ ಏಳು ಹೆಸರು ಬಾಯಿಪಾಠವಾಗಲಿ. ಇವುಗಳಲ್ಲಿ ಕೆಲವುಗಳ ಹಿಂದೆ ರಾಜಕೀಯ ಕಾರಣವಿದೆ. 1873ರ ಕಾಯ್ದೆ ಸಾಮಾನ್ಯ ಬೆಳ್ಳಿ ಡಾಲರನ್ನು ನಿಲ್ಲಿಸಿತು. ಪಶ್ಚಿಮದ ಗಣಿ ಮಾಲೀಕರು ಮತ್ತು ಅವರ ಬೆಂಬಲಿಗರು ಅದನ್ನು ‘73ರ ಅಪರಾಧ’ ಎಂದು ಜರೆದರು. ಅವರ ಒತ್ತಡದಿಂದ 1878ರ ಫೆಬ್ರವರಿಯಲ್ಲಿ ಬ್ಲಾಂಡ್-ಆ್ಯಲಿಸನ್ ಕಾಯ್ದೆ ಬಂತು. ತಿಂಗಳಿಗೆ 20ರಿಂದ 40 ಲಕ್ಷ ಡಾಲರ್ ಮೌಲ್ಯದ ಬೆಳ್ಳಿಯನ್ನು ಸರ್ಕಾರ ಕೊಂಡು ನಾಣ್ಯ ಅಚ್ಚು ಹಾಕಲೇಬೇಕೆಂದು ಅದು ವಿಧಿಸಿತು. ಮಾರ್ಗನ್ ಡಾಲರ್ ಹುಟ್ಟಿದ್ದು ಹೀಗೆ. ಜನರಿಗೆ ಅಷ್ಟು ನಾಣ್ಯ ಬೇಕಿರಲಿಲ್ಲ. ಕೋಟಿಗಟ್ಟಲೆ ಡಾಲರುಗಳು ಮೂಟೆಗಳಲ್ಲೇ ಉಳಿದವು. ಇಂದು ನಮಗೆ ಹೊಸದರಂತೆ ಹೊಳೆಯುವ ಮಾರ್ಗನ್‌ಗಳು ಸಿಗುತ್ತಿರುವುದಕ್ಕೆ ಅದೇ ಕಾರಣ.

2. ಒಂದು ಗುರಿ ಹಾಕಿಕೊಳ್ಳಿ

ಕಂಡದ್ದೆಲ್ಲ ಕೊಂಡರೆ ನಾಣ್ಯದ ರಾಶಿಯಾಗುತ್ತದೆ, ಸಂಗ್ರಹವಾಗುವುದಿಲ್ಲ. ಆರಂಭಕ್ಕೆ ಮಾರ್ಗನ್ ಅಥವಾ ಪೀಸ್ ಡಾಲರ್ ಆರಿಸಿಕೊಳ್ಳಿ. ಸಿಗುವುದು ಸುಲಭ, ಮಾಹಿತಿಯೂ ಬೇಕಾದಷ್ಟು. ಮಾರ್ಗನ್‌ನಲ್ಲಿ ಐದು ಟಂಕಸಾಲೆಗಳಿಂದ ಒಂದೊಂದು ನಾಣ್ಯ ಎಂಬ ಗುರಿ ಚೆನ್ನ. ವರ್ಷಕ್ಕೊಂದು ನಾಣ್ಯ ಕೂಡಿಸುವುದು ಇನ್ನೊಂದು ದಾರಿ. ಕಾರ್ಸನ್ ಸಿಟಿಯ ನಾಣ್ಯಗಳನ್ನಷ್ಟೇ ಹುಡುಕುವವರಿದ್ದಾರೆ. ಏಷ್ಯಾದ ಇತಿಹಾಸದಲ್ಲಿ ಆಸಕ್ತಿಯಿದ್ದರೆ ಚೀನಾದ ವರ್ತಕರ ಮುದ್ರೆ ಬಿದ್ದ ಟ್ರೇಡ್ ಡಾಲರುಗಳನ್ನು ನೋಡಿ. ಚೀನಾ ವ್ಯಾಪಾರಕ್ಕೆಂದೇ 420 ಗ್ರೇನ್ ತೂಕದಲ್ಲಿ ಅಚ್ಚಾದ ಈ ನಾಣ್ಯಗಳನ್ನು ಅಲ್ಲಿನ ವರ್ತಕರು ಪರೀಕ್ಷಿಸಿ, ಅಸಲಿ ಎಂದು ತಮ್ಮ ಸಣ್ಣ ಮುದ್ರೆ ಒತ್ತುತ್ತಿದ್ದರು. ಒಂದು ಕಾಲಕ್ಕೆ ಆ ಗುರುತನ್ನು ಗಾಯವೆಂದು ತಳ್ಳಿಹಾಕುತ್ತಿದ್ದರು. ಈಗ ಅದನ್ನೇ ಆರಿಸಿ ಕೊಳ್ಳುವವರಿದ್ದಾರೆ.

ಗುರಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅದರಲ್ಲಿ ಇಲ್ಲದ ನಾಣ್ಯ ಎಷ್ಟೇ ಆಸೆ ಹುಟ್ಟಿಸಿದರೂ ಮೊದಲ ವರ್ಷ ಮುಟ್ಟಬೇಡಿ.

3. ನಾಣ್ಯಕ್ಕಿಂತ ಮೊದಲು ಪುಸ್ತಕ ಕೊಳ್ಳಿ

ಸಂಗ್ರಾಹಕರು ‘ರೆಡ್ ಬುಕ್’ ಎನ್ನುವ ಆರ್. ಎಸ್. ಯೋಮನ್ ಅವರ ಕೈಪಿಡಿ 1946ರಿಂದ ಪ್ರಕಟವಾಗುತ್ತಿದೆ. ಪ್ರತಿ ವರ್ಷ, ಪ್ರತಿ ಟಂಕಸಾಲೆಯ ನಾಣ್ಯದ ವಿವರ ಅದರಲ್ಲಿದೆ. ಡೀಲರುಗಳು ತಮ್ಮೊಳಗೆ ವ್ಯವಹರಿಸಲು ಬಳಸುವ ‘ಗ್ರೇ ಶೀಟ್’ ದರಪಟ್ಟಿ 1963ರಿಂದ ಬರುತ್ತಿದೆ. ಮಾರ್ಗನ್ ಮತ್ತು ಪೀಸ್ ಡಾಲರುಗಳ ಅಚ್ಚಿನ ಸೂಕ್ಷ್ಮ ವ್ಯತ್ಯಾಸಗಳನ್ನು ವ್ಯಾನ್ ಆ್ಯಲೆನ್ ಮತ್ತು ಮಾಲಿಸ್ ಪಟ್ಟಿ ಮಾಡಿದ್ದಾರೆ; ಅವರ ಹೆಸರಿನ ಮೊದಲಕ್ಷರಗಳಿಂದ ಆ ಬಗೆಗಳಿಗೆ ‘ವ್ಯಾಮ್’ ಎಂಬ ಹೆಸರು ಬಂತು. 1878ರ ಮೊದಲ ಮಾರ್ಗನ್‌ಗಳಲ್ಲಿ ಹದ್ದಿನ ಬಾಲಕ್ಕೆ ಎಂಟು ಗರಿಗಳಿದ್ದವು, ಆಮೇಲೆ ಏಳಾದವು. ಕೆಲವು ಅಚ್ಚುಗಳಲ್ಲಿ ಎಂಟರ ಮೇಲೆ ಏಳನ್ನು ಕೆತ್ತಿದ ಗುರುತು ಇಣುಕುತ್ತದೆ. ಇಂಥದ್ದನ್ನು ಓದಿ ತಿಳಿದವರ ಕಣ್ಣು ಅಂಗಡಿಯ ತಟ್ಟೆಯಲ್ಲಿ ಬೇರೆಯವರು ಬಿಟ್ಟುಹೋದದ್ದನ್ನು ಹಿಡಿಯುತ್ತದೆ.

4. ಟಂಕಸಾಲೆಯ ಗುರುತನ್ನು ಮೊದಲು ನೋಡಿ

ಮಾರ್ಗನ್ ಡಾಲರಿನ ಹಿಂಬದಿಗೆ ತಿರುಗಿಸಿ. ಹದ್ದಿನ ಕೆಳಗೆ ಎಲೆಮಾಲೆಯ ಗಂಟಿದೆ; ಅದರ ಕೆಳಗೆ ಪುಟ್ಟ ಅಕ್ಷರ ಹುಡುಕಿ. ‘ಎಸ್’ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ‘ಓ’ ಇದ್ದರೆ ನ್ಯೂ ಓರ್ಲಿಯನ್ಸ್, ‘ಸಿಸಿ’ ಇದ್ದರೆ ನೆವಾಡಾದ ಕಾರ್ಸನ್ ಸಿಟಿ, ‘ಡಿ’ ಇದ್ದರೆ ಡೆನ್ವರ್. ಹಳೆಯ ಸರಣಿಯಲ್ಲಿ ಡೆನ್ವರ್ ಮಾರ್ಗನ್ ಅಚ್ಚು ಹಾಕಿದ್ದು 1921ರಲ್ಲಿ ಮಾತ್ರ. ಅಕ್ಷರವೇ ಇಲ್ಲದಿದ್ದರೆ ಫಿಲಡೆಲ್ಫಿಯಾ. ಪೀಸ್ ಡಾಲರಿನಲ್ಲಿ ಗುರುತು ಇರುವುದು ಹಿಂಬದಿಯ ಎಡಗಡೆ, ‘ಒನ್’ ಎಂಬ ಪದದ ಕೆಳಗೆ, ಹದ್ದಿನ ರೆಕ್ಕೆಯ ತುದಿಯ ಬಳಿ.

ಒಂದೇ ವರ್ಷದ ಎರಡು ನಾಣ್ಯಗಳ ಬೆಲೆಯಲ್ಲಿ ನೂರಾರು ಪಟ್ಟು ಅಂತರ ತರಲು ಈ ಒಂದು ಅಕ್ಷರ ಸಾಕು. ಕಾರ್ಸನ್ ಸಿಟಿಯ ಹೆಸರಿಗೆ ಅಷ್ಟೊಂದು ಆಕರ್ಷಣೆ ಇರುವುದಕ್ಕೂ ಕಾರಣವಿದೆ. ಹತ್ತಿರದ ಕಾಮ್‌ಸ್ಟಾಕ್ ಗಣಿಯ ಬೆಳ್ಳಿಯನ್ನು ನಂಬಿ ಕಟ್ಟಿದ ಆ ಟಂಕಸಾಲೆ ನಾಣ್ಯ ಅಚ್ಚು ಹಾಕಿದ್ದು 1870ರಿಂದ 1893ರವರೆಗೆ, ಅದೂ ನಡುವೆ ಬಿಡುವು ಕೊಟ್ಟು. ಅದರ ಕಟ್ಟಡದಲ್ಲಿ ಈಗ ನೆವಾಡಾ ರಾಜ್ಯ ಮ್ಯೂಸಿಯಂ ಇದೆ. ಆ ಕಡೆ ಹೋದರೆ ತಪ್ಪದೆ ನೋಡಿ.

5. ಅಚ್ಚಾದ ಸಂಖ್ಯೆಗೆ ಮರುಳಾಗಬೇಡಿ, ಉಳಿದ ಸಂಖ್ಯೆ ಕೇಳಿ

ಎಲ್ಲ ಸೂತ್ರಗಳ ಬೇರು ಇದು; ಎರಡು ಸಲ ಓದಿ. 1918ರಿಂದ ಮೂಟೆ ಮೂಟೆ ಡಾಲರುಗಳು ಕುಲುಮೆಗೆ ಹೋದಾಗ ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯ ಎಷ್ಟು ಕರಗಿತೆಂದು ಯಾರೂ ಬರೆದಿಡಲಿಲ್ಲ. ಹಾಗಾಗಿ ಕೈಪಿಡಿಯಲ್ಲಿ ಕಾಣುವ ಅಚ್ಚಾದ ಸಂಖ್ಯೆ ಅರ್ಧ ಕಥೆ ಮಾತ್ರ.

ನಾಲ್ಕು ಉದಾಹರಣೆ ನೋಡಿ. ನ್ಯೂ ಓರ್ಲಿಯನ್ಸ್‌ನಲ್ಲಿ 1903ರಲ್ಲಿ 44,50,000 ಡಾಲರ್ ಅಚ್ಚಾಗಿದ್ದವು. ಆದರೂ ಅವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ; ಬಳಕೆಯಾಗದ ಒಂದು ನಾಣ್ಯಕ್ಕೆ ಕೈಪಿಡಿ 1,500 ಡಾಲರ್ ಬೆಲೆ ತೋರಿಸುತ್ತಿತ್ತು. 1962ರ ಕೊನೆಯಲ್ಲಿ ಖಜಾನೆಯಿಂದ ಹಳೆಯ ಮೂಟೆಗಳು ಹೊರಬಂದವು. ಅವುಗಳಲ್ಲಿ ಈ ನಾಣ್ಯಗಳು ಸಾವಿರಗಟ್ಟಲೆ ಇದ್ದವು. ಬೆಲೆ ನೆಲ ಕಚ್ಚಿತು.

ಕಾರ್ಸನ್ ಸಿಟಿಯ 1884ರ ನಾಣ್ಯ ಅಚ್ಚಾದದ್ದು 11,36,000. ಇದರಲ್ಲಿ 9.6 ಲಕ್ಷಕ್ಕೂ ಹೆಚ್ಚು ಖಜಾನೆಯಲ್ಲೇ ಭದ್ರವಾಗಿದ್ದವು. 1964ರಲ್ಲಿ ಡಾಲರ್ ವಿತರಣೆ ನಿಲ್ಲಿಸಿದಾಗ ಉಳಿದ ಇಂಥ ನಾಣ್ಯಗಳನ್ನು ಸರ್ಕಾರದ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ 1972ರಿಂದ 1980ರವರೆಗೆ ಸಾರ್ವಜನಿಕರಿಗೆ ಮಾರಿತು. ಅದೇ ಕಾರ್ಸನ್ ಸಿಟಿಯ 1889ರ ನಾಣ್ಯ ಅಚ್ಚಾದದ್ದು 3,50,000. ಸರ್ಕಾರದ ಆ ದಾಸ್ತಾನಿನಲ್ಲಿ ಅದು ಬಹುತೇಕ ಇರಲೇ ಇಲ್ಲ. ಅದು ದುಬಾರಿಯಾದದ್ದು ಅದಕ್ಕೇ.

ಇನ್ನು 1895ರ ಫಿಲಡೆಲ್ಫಿಯಾ ಡಾಲರ್. ದಾಖಲೆಯಲ್ಲಿ 12,000 ಸಾಮಾನ್ಯ ನಾಣ್ಯಗಳೆಂದು ಬರೆದಿದೆ, ಆದರೆ ಅಂಥ ಒಂದು ನಾಣ್ಯವೂ ಇಂದು ಕಾಣುವುದಿಲ್ಲ. ಸಂಗ್ರಾಹಕರಿಗೆಂದು ಅಚ್ಚು ಹಾಕಿದ 880 ಪ್ರೂಫ್ ನಾಣ್ಯಗಳೇ ಎಲ್ಲರಿಗೂ ಆಸರೆ.

ಯಾವ ನಾಣ್ಯ ಕೊಳ್ಳುವಾಗಲೂ ಈ ಪ್ರಶ್ನೆ ಹಾಕಿ: ಇದು ಕರಗಿಸುವಿಕೆಯನ್ನು ದಾಟಿ ಹೇಗೆ ಬಂತು? ಮೂಟೆಯಲ್ಲಿತ್ತೇ, ಜನರ ಕೈಯಲ್ಲಿ ಓಡಾಡಿತ್ತೇ, ಗುಪ್ತನಿಧಿಯಲ್ಲಿತ್ತೇ? ರೀನೊ ನಗರದ ಲಾವೆರ್ ರೆಡ್‌ಫೀಲ್ಡ್ ಎಂಬಾತ ತನ್ನ ಮನೆಯಲ್ಲಿ 4 ಲಕ್ಷಕ್ಕೂ ಹೆಚ್ಚು ಬೆಳ್ಳಿ ಡಾಲರ್ ಕೂಡಿಟ್ಟಿದ್ದ. ಆತ ತೀರಿಕೊಂಡ ಮೇಲೆ 1976ರಲ್ಲಿ ಆ ರಾಶಿ ಮಾರಾಟವಾಯಿತು. ಇಂಥ ನಿಧಿ ಎಲ್ಲಿಂದಾದರೂ ಬಂದು ‘ವಿರಳ’ ಎಂಬ ಮಾತನ್ನು ಬದಲಿಸಬಹುದು.

6. ಬೆಳ್ಳಿಯ ಬೆಲೆ ಬೇರೆ, ನಾಣ್ಯದ ಬೆಲೆ ಬೇರೆ

ಹಳೆಯ ಮಾರ್ಗನ್ ಆಗಲಿ ಪೀಸ್ ಆಗಲಿ, ತೂಕ 26.73 ಗ್ರಾಂ, ಅದರಲ್ಲಿ 90% ಬೆಳ್ಳಿ, 10% ತಾಮ್ರ. ಅಪ್ಪಟ ಬೆಳ್ಳಿ ಲೆಕ್ಕದಲ್ಲಿ 0.7734 ಟ್ರಾಯ್ ಔನ್ಸ್, ಅಂದರೆ ಸುಮಾರು 24 ಗ್ರಾಂ. ಆ ದಿನದ ಬೆಳ್ಳಿ ದರವನ್ನು ಇದರಿಂದ ಗುಣಿಸಿದರೆ ಕರಗಿಸಿದಾಗ ಸಿಗುವ ಬೆಲೆ ಗೊತ್ತಾಗುತ್ತದೆ. ಅಂಗಡಿಗೆ ಹೋಗುವ ಮುನ್ನ ಈ ಲೆಕ್ಕ ನಿಮ್ಮ ಕಿಸೆಯಲ್ಲಿರಲಿ.

ಸವೆದ 1921ರ ಮಾರ್ಗನ್ ಕೊಳ್ಳುವವರು ಹೆಚ್ಚಾಗಿ ಬೆಳ್ಳಿಯನ್ನೇ ಕೊಳ್ಳುತ್ತಿರುತ್ತಾರೆ. ಫಿಲಡೆಲ್ಫಿಯಾ ಒಂದೇ ಆ ವರ್ಷ 4,46,90,000 ಅಚ್ಚು ಹಾಕಿತ್ತು. ಬೆಳ್ಳಿ ದರ ಏರಿದರೆ ಅದರ ಬೆಲೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. 1893ರ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯ ಅಚ್ಚಾದದ್ದು ಒಂದೇ ಲಕ್ಷ. ಅದಕ್ಕೆ ಬೆಳ್ಳಿ ಪೇಟೆಯ ಹಂಗಿಲ್ಲ. ನಿಮ್ಮ ಹಣ ಇವೆರಡರಲ್ಲಿ ಯಾವುದಕ್ಕೆ ಹೋಗುತ್ತಿದೆ ಎಂಬುದು ಕೊಳ್ಳುವಾಗಲೇ ಸ್ಪಷ್ಟವಿರಲಿ.

1971ರಿಂದ ಬಂದ ಐಸೆನ್‌ಹೋವರ್ ಡಾಲರುಗಳಲ್ಲಿ ಸಾಮಾನ್ಯ ಬಳಕೆಯವು ತಾಮ್ರ-ನಿಕಲ್‌ನವು. ದೊಡ್ಡದಾಗಿವೆ ಎಂದು ಬೆಳ್ಳಿಯ ಬೆಲೆ ಕೊಡಬೇಡಿ. 1986ರಿಂದ ಬರುತ್ತಿರುವ ಸಿಲ್ವರ್ ಈಗಲ್ ಒಂದು ಪೂರ್ತಿ ಔನ್ಸ್ ಬೆಳ್ಳಿ. ಅದು ಉಳಿತಾಯಕ್ಕೆ ಸರಿ, ಐತಿಹಾಸಿಕ ಡಾಲರಿನ ಸಾಲಿಗೆ ಸೇರುವಂಥದ್ದಲ್ಲ.

7. ಸ್ಥಿತಿಯನ್ನು ಅಳೆಯಲು ಕಣ್ಣನ್ನು ಪಳಗಿಸಿ

ವಿಲಿಯಂ ಶೆಲ್ಡನ್ 1949ರಲ್ಲಿ ದೊಡ್ಡ ಸೆಂಟ್ ನಾಣ್ಯಗಳಿಗೆಂದು ರೂಪಿಸಿದ 1ರಿಂದ 70ರ ಅಳತೆಯೇ ಇಂದು ಎಲ್ಲ ಅಮೆರಿಕನ್ ನಾಣ್ಯಗಳಿಗೂ ಬಳಕೆಯಲ್ಲಿದೆ. 60ರಿಂದ ಮೇಲೆ ಬಳಕೆಯೇ ಆಗದ ನಾಣ್ಯ. ಅದನ್ನು ಎಂಎಸ್ ಎನ್ನುತ್ತಾರೆ. 50ರಿಂದ 58 ಇದ್ದರೆ ಕೊಂಚವೇ ಸವೆದದ್ದು.

ನೋಡುವ ಕ್ರಮ ಹೀಗಿರಲಿ. ಒಂದೇ ದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ಓಲಿಸಿ. ಅಸಲಿ ಟಂಕಸಾಲೆ ಹೊಳಪು ಇದ್ದರೆ ಬೆಳಕು ಗಾಡಿಯ ಚಕ್ರದ ಅರೆಕಾಲುಗಳ ಹಾಗೆ ಸುತ್ತುತ್ತದೆ. ಆಮೇಲೆ ಮುಂಬದಿಯ ಲಿಬರ್ಟಿ ದೇವಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಮುಖದ ಮುಂದಿನ ಬಯಲು ಜಾಗ, ಹಿಂಬದಿಯಲ್ಲಿ ಹದ್ದಿನ ಎದೆ ನೋಡಿ. ಸವೆತ ಮೊದಲು ಕಾಣುವುದು ಕೂದಲಿನಲ್ಲಿ ಮತ್ತು ಎದೆಯಲ್ಲಿ. ಕೆನ್ನೆಯ ಮೇಲಿನ ಗೀರುಗಳು ಸವೆತವಲ್ಲ. ಸಾವಿರ ನಾಣ್ಯಗಳ ಬಟ್ಟೆಮೂಟೆಯಲ್ಲಿ ಒಂದಕ್ಕೊಂದು ಉಜ್ಜಿ ಬಿದ್ದ ಗುರುತು. ಐದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ ಸಾಕು.

64ಕ್ಕೂ 65ಕ್ಕೂ ಬರಿಗಣ್ಣಿಗೆ ಅಂತರ ಸಣ್ಣದು, ಬೆಲೆಯಲ್ಲಿ ಕೆಲವೊಮ್ಮೆ ಹಲವು ಪಟ್ಟು. ಆ ಒಂದು ಅಂಕಕ್ಕೆ ಹಣ ಕೊಡುವ ಮುನ್ನ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

8. ಸವೆತಕ್ಕೂ ದುರ್ಬಲ ಅಚ್ಚಿಗೂ ವ್ಯತ್ಯಾಸ ಕಲಿಯಿರಿ

ನ್ಯೂ ಓರ್ಲಿಯನ್ಸ್‌ನ ಎಷ್ಟೋ ಮಾರ್ಗನ್‌ಗಳಲ್ಲಿ ಕಿವಿಯ ಮೇಲಿನ ಕೂದಲೂ ಹದ್ದಿನ ಎದೆಯ ಗರಿಗಳೂ ಹುಟ್ಟುವಾಗಲೇ ಮಸುಕು. ಅಚ್ಚಿನ ಒತ್ತಡ ಸಾಲದೆ ಹಾಗಾದದ್ದು. ಮಸುಕಾದ ಜಾಗದಲ್ಲೂ ಹೊಳಪು ಸುತ್ತಿದರೆ ಅದು ಬಳಕೆಯಾಗದ ನಾಣ್ಯ. ಹೊಳಪು ಸತ್ತಿದ್ದರೆ ಸವೆದದ್ದು. ಸ್ಯಾನ್ ಫ್ರಾನ್ಸಿಸ್ಕೊದ 1879ರಿಂದ 1882ರ ನಾಣ್ಯಗಳು ಅಚ್ಚುಕಟ್ಟಾದ ಕೆತ್ತನೆಗೆ ಹೆಸರುವಾಸಿ. ಅವುಗಳಲ್ಲಿ ಒಂದನ್ನು ಕೊಂಡು ಉಳಿದವಕ್ಕೆಲ್ಲ ಒರೆಗಲ್ಲಾಗಿ ಇಟ್ಟುಕೊಳ್ಳಿ.

ಪೀಸ್ ಡಾಲರಿನಲ್ಲೂ ಇದೇ ಪಾಠ. ಆಂಥೊನಿ ದೆ ಫ್ರಾನ್ಸಿಸಿ ತಮ್ಮ ಪತ್ನಿ ತೆರೇಸಾರನ್ನು ಮಾದರಿಯಾಗಿಟ್ಟು ರೂಪಿಸಿದ ಈ ನಾಣ್ಯ 1921ರಲ್ಲಿ ಎತ್ತರದ ಉಬ್ಬುಕೆತ್ತನೆಯಲ್ಲಿ ಬಂತು, ಸಂಖ್ಯೆ 10,06,473. ಅಷ್ಟು ಉಬ್ಬು ಅಚ್ಚಾಗುವುದು ಕಷ್ಟವಾಯಿತು, ನಡುಭಾಗ ಮಸುಕಾಗುತ್ತಿತ್ತು. 1922ರಲ್ಲಿ ಉಬ್ಬನ್ನು ತಗ್ಗಿಸಿದರು. 1921ರ ನಾಣ್ಯದಲ್ಲಿ ನಡುವಿನ ಕೂದಲು ಚೆನ್ನಾಗಿ ಮೂಡಿದ್ದು ಸಿಕ್ಕರೆ ಬಿಡಬೇಡಿ.

9. ತೊಳೆಯಬೇಡಿ, ತಿಕ್ಕಬೇಡಿ, ಒರೆಸಲೂ ಬೇಡಿ

ನಮ್ಮ ಮನೆಗಳಲ್ಲಿ ಹಬ್ಬ ಬಂತೆಂದರೆ ಬೆಳ್ಳಿ ಸಾಮಾನನ್ನು ಹುಣಸೆಹಣ್ಣು, ವಿಭೂತಿ ಹಾಕಿ ಬೆಳಗುತ್ತೇವೆ. ಪೂಜೆಯ ಬಟ್ಟಲಿಗೆ ಅದು ಸರಿ. ನಾಣ್ಯಕ್ಕೆ ಅದೇ ಮೃತ್ಯು. ಒಮ್ಮೆ ತಿಕ್ಕಿದರೆ ಮೇಲ್ಮೈಯ ಮೇಲೆ ಕೂದಲೆಳೆಯಂಥ ಸಾವಿರ ಗೀರು ಬೀಳುತ್ತವೆ, ಹೊಳಪು ಹೋಗುತ್ತದೆ, ಅದನ್ನು ಮತ್ತೆ ತರಲು ಯಾವ ವಿದ್ಯೆಯೂ ಇಲ್ಲ. ಹೀಗೆ ತಿಕ್ಕಿದ ನಾಣ್ಯಕ್ಕೆ ಗ್ರೇಡಿಂಗ್ ಸಂಸ್ಥೆಗಳು ಅಂಕ ಕೊಡುವುದಿಲ್ಲ. ‘ಕ್ಲೀನ್ಡ್’ ಎಂದು ಬರೆದು ಕಳಿಸುತ್ತವೆ.

ಬೆಳ್ಳಿ ಗಾಳಿಯಲ್ಲಿನ ಗಂಧಕದ ಜೊತೆ ಸೇರಿ ಬಣ್ಣ ತಿರುಗುವುದು ಸಹಜ. ಮೂಟೆಯ ಬಟ್ಟೆಗೆ ತಾಗಿಕೊಂಡಿದ್ದ ಕೆಲವು ಮಾರ್ಗನ್‌ಗಳಲ್ಲಿ ನೀಲಿ, ಚಿನ್ನ, ನೇರಳೆಯ ಬಣ್ಣ ಕಮಾನಾಗಿ ಮೂಡಿರುತ್ತದೆ. ಅದಕ್ಕೆ ಹೆಚ್ಚು ಬೆಲೆ ಕೊಡುವವರಿದ್ದಾರೆ. ಆ ಬಣ್ಣವನ್ನು ರಾಸಾಯನಿಕದಿಂದ ಕೃತಕವಾಗಿ ತರುವವರೂ ಇದ್ದಾರೆ. ಬಣ್ಣದ ನಾಣ್ಯವನ್ನು ಗ್ರೇಡ್ ಆಗಿದ್ದರೆ ಮಾತ್ರ ಕೊಳ್ಳಿ.

10. ಪ್ರತಿ ನಾಣ್ಯವನ್ನೂ ಪರೀಕ್ಷಿಸಿ

ನಕಲಿ ಡಾಲರುಗಳು ಪೇಟೆಯಲ್ಲಿ ಧಾರಾಳವಾಗಿವೆ. ನಾಲ್ಕು ಪರೀಕ್ಷೆ ಮನೆಯಲ್ಲೇ ಮಾಡಬಹುದು.

ತೂಕ: 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಸವೆಯದ ನಾಣ್ಯ 26.73ರ ಆಸುಪಾಸಿನಲ್ಲಿರಬೇಕು. ಒಂದು ಗ್ರಾಂ ಹೆಚ್ಚುಕಡಿಮೆ ಬಂದರೆ ಬಿಟ್ಟುಬಿಡಿ.

ಅಳತೆ: ವ್ಯಾಸ 38.1 ಮಿಲಿಮೀಟರ್.

ಅಯಸ್ಕಾಂತ: ನಾಣ್ಯ ಅಂಟಿಕೊಂಡರೆ ಅದು ಬೆಳ್ಳಿಯಲ್ಲ. ಅಂಟದಿದ್ದರೆ ಅಸಲಿ ಎಂದೇನೂ ಅಲ್ಲ; ಮುಂದಿನ ಪರೀಕ್ಷೆ ಮಾಡಿ.

ಸಾಂದ್ರತೆ: ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಇಳಿಬಿಡಿ. ತಕ್ಕಡಿ ಸುಮಾರು 2.6 ಗ್ರಾಂ ತೋರಿಸಬೇಕು. 90% ಬೆಳ್ಳಿಯ ಸಾಂದ್ರತೆ 10.3ರ ಹತ್ತಿರ ಇರುವುದರಿಂದ ಈ ಲೆಕ್ಕ. ಆಮೇಲೆ ನಾಣ್ಯವನ್ನು ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲಿಟ್ಟು ಆರಲು ಬಿಡಿ. ಹೊಳಪು ಉಳಿದ ದುಬಾರಿ ನಾಣ್ಯಕ್ಕೆ ಮಾತ್ರ ಈ ಪರೀಕ್ಷೆಯನ್ನು ತಜ್ಞರಿಗೇ ಬಿಡಿ.

ಬೆಳ್ಳಿಯೇ ಆಗಿದ್ದೂ ಮೋಸವಿರುವುದು ಇನ್ನೊಂದು ಬಗೆ. ಸಾಮಾನ್ಯ ನಾಣ್ಯಕ್ಕೆ ಟಂಕಸಾಲೆಯ ಅಕ್ಷರ ಅಂಟಿಸುತ್ತಾರೆ, ಇಲ್ಲವೇ ಕೆರೆದು ತೆಗೆಯುತ್ತಾರೆ. 1895ರ ‘ಓ’ ಅಥವಾ ‘ಎಸ್’ ಗುರುತನ್ನು ಕೆರೆದು ಫಿಲಡೆಲ್ಫಿಯಾದ್ದೆಂದು ಮಾರುವುದು ಹಳೆಯ ಚಾಳಿ. 1893ರ ‘ಎಸ್’ ನಾಣ್ಯಕ್ಕೆ ಒಳ್ಳೆಯ ಸಾಕ್ಷಿಯೊಂದಿದೆ. ಅವೆಲ್ಲದರ ಮುಂಬದಿ ಒಂದೇ ಅಚ್ಚಿನಿಂದ ಬಂದದ್ದು. ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ತಲೆಯಲ್ಲಿ ಓರೆಯಾದ ಸಣ್ಣ ಉಬ್ಬುಗೆರೆ ಇರುತ್ತದೆ. ಅದು ಕಾಣದಿದ್ದರೆ ಮಾತು ಮುಂದುವರಿಸಬೇಡಿ.

1804 ಎಂಬ ವರ್ಷವಿರುವ ಡಾಲರ್ ಜಗತ್ತಿನಲ್ಲಿ ತಿಳಿದಿರುವುದು ಕೆಲವೇ ಕೆಲವು. ಅವು 1834ರಿಂದ ಈಚೆಗೆ ಅಚ್ಚಾದವು, ಮೊದಲನೆಯವು ಸಯಾಮ್ ಮತ್ತು ಮಸ್ಕತ್ ದೊರೆಗಳಿಗೆ ರಾಜತಾಂತ್ರಿಕ ಉಡುಗೊರೆಗಾಗಿ. 1964ರ ಪೀಸ್ ಡಾಲರುಗಳನ್ನು ಡೆನ್ವರ್‌ನಲ್ಲಿ 3,16,076ರಷ್ಟು ಅಚ್ಚು ಹಾಕಿ ಕರಗಿಸಿಬಿಟ್ಟರು. ಈ ಎರಡನ್ನು ಯಾರಾದರೂ ಅಗ್ಗಕ್ಕೆ ತೋರಿಸಿದರೆ ಅದು ನಕಲಿ ಎಂದೇ ತಿಳಿಯಿರಿ.

11. ಡಬ್ಬಿ ನೋಡಿ ಕೊಳ್ಳಬೇಡಿ, ನಾಣ್ಯ ನೋಡಿ ಕೊಳ್ಳಿ

ಗ್ರೇಡಿಂಗ್ ಸಂಸ್ಥೆಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಆರಂಭವಾದವು. ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ; ಇದನ್ನು ಸ್ಲ್ಯಾಬ್ ಎನ್ನುತ್ತಾರೆ. ಕೆಲವು ನೂರು ಡಾಲರಿಗಿಂತ ಹೆಚ್ಚು ಬೆಲೆಯ ನಾಣ್ಯವನ್ನು ಸ್ಲ್ಯಾಬಿನಲ್ಲೇ ಕೊಳ್ಳುವುದು ಕ್ಷೇಮ.

ಅಲ್ಲೂ ಎಚ್ಚರ ಬೇಕು. ನಕಲಿ ಸ್ಲ್ಯಾಬುಗಳೂ ಬರುತ್ತಿವೆ. ಲೇಬಲ್ ಮೇಲಿನ ಸಂಖ್ಯೆಯನ್ನು ಆಯಾ ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಗೀರು ಗೀರನ್ನೂ ಹೋಲಿಸಿ. ಒಂದೇ ಅಂಕದ ಎರಡು ನಾಣ್ಯಗಳಲ್ಲಿ ಒಂದು ಕಣ್ಣಿಗೆ ಹಬ್ಬ, ಇನ್ನೊಂದು ಸಪ್ಪೆ. ಅಂಕವೊಂದನ್ನೇ ನಂಬಿದವರ ಪಾಲಿಗೆ ಸಪ್ಪೆಯದೇ ಬರುತ್ತದೆ. ಸರ್ಕಾರ 1972ರಿಂದ ಮಾರಿದ ಕಾರ್ಸನ್ ಸಿಟಿ ನಾಣ್ಯಗಳು ಅವುಗಳ ಮೂಲ ಡಬ್ಬಿಯಲ್ಲೇ ಸಿಕ್ಕರೆ ಬಿಡಿಸಬೇಡಿ. ಆ ಡಬ್ಬಿಯೂ ಈಗ ಇತಿಹಾಸದ ಭಾಗ.

12. ಡೀಲರನ್ನು ಆರಿಸುವುದೂ ಒಂದು ಸಂಗ್ರಹವೇ

ಊರಿನ ನಾಣ್ಯದಂಗಡಿಗೆ ಆಗಾಗ ಹೋಗಿ, ಕೇಳಿ, ನೋಡಿ, ಸಣ್ಣದೊಂದು ಕೊಳ್ಳಿ. ಜನವರಿಯಲ್ಲಿ ಫ್ಲೋರಿಡಾದಲ್ಲಿ ‘ಫನ್’ ಎಂಬ ನಾಣ್ಯ ಮೇಳ ನಡೆಯುತ್ತದೆ. 1891ರಲ್ಲಿ ಹುಟ್ಟಿದ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಬೇಸಿಗೆಯಲ್ಲಿ ತನ್ನ ದೊಡ್ಡ ಮೇಳ ನಡೆಸುತ್ತದೆ. ಒಂದೇ ದಿನ ಸಾವಿರಾರು ಡಾಲರುಗಳನ್ನು ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೊದಲ ಸುತ್ತಿನಲ್ಲಿ ಬರೀ ನೋಡಿ. ಎರಡನೇ ಸುತ್ತಿನಲ್ಲಿ ಕೊಳ್ಳಿ.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಖರೀದಿದಾರರ ಶುಲ್ಕ ಬೀಳುತ್ತದೆ; ಅದನ್ನೂ ಸೇರಿಸಿ ನಿಮ್ಮ ಮಿತಿ ಬರೆದಿಟ್ಟುಕೊಂಡು ಕೂಗಿ. ಹಿಂದಿರುಗಿಸುವ ಅವಕಾಶ ಕೊಡದ ಅಪರಿಚಿತರಿಂದ, ಮಸುಕು ಫೋಟೊ ಹಾಕಿದವರಿಂದ, ‘ಇವತ್ತೇ ಕೊನೆ’ ಎಂದು ಅವಸರಿಸುವವರಿಂದ ಕೊಳ್ಳಬೇಡಿ. ಪೇಟೆಗಿಂತ ತೀರ ಅಗ್ಗಕ್ಕೆ ಒಳ್ಳೆಯ ಡಾಲರ್ ಕೊಡಲು ಯಾವ ವ್ಯಾಪಾರಿಗೂ ಕಾರಣವಿಲ್ಲ.

13. ಚೆನ್ನಾಗಿ ಇಡಿ, ಚೆನ್ನಾಗಿ ಬರೆದಿಡಿ

ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ; ಬೆರಳಿನ ಗುರುತು ವರ್ಷಗಳ ನಂತರ ಕಂದು ಕಲೆಯಾಗಿ ಏಳುತ್ತದೆ. ಮೆತ್ತನೆಯ ಪಿವಿಸಿ ಚೀಲ ಬೇಡ, ಅದು ಕಾಲಕ್ರಮದಲ್ಲಿ ಹಸಿರು ಅಂಟು ಬಿಡುತ್ತದೆ. ಮೈಲಾರ್ ಹಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಡಬ್ಬಿ ಬಳಸಿ. ರಬ್ಬರ್ ಬ್ಯಾಂಡ್, ಅಗ್ಗದ ರಟ್ಟು, ಹೊಸದಾಗಿ ಬಣ್ಣ ಬಳಿದ ಮರದ ಕಪಾಟು ಹತ್ತಿರ ಇರಬಾರದು. ಇವುಗಳಿಂದ ಹೊಮ್ಮುವ ಆವಿ ಬೆಳ್ಳಿಯನ್ನು ಕೆಡಿಸುತ್ತದೆ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಬದಲಿಸಿ.

ಪ್ರತಿ ನಾಣ್ಯಕ್ಕೂ ಒಂದು ಸಾಲು ದಾಖಲೆ ಬೇಕು: ವರ್ಷ, ಟಂಕಸಾಲೆ, ಗ್ರೇಡ್, ಸ್ಲ್ಯಾಬ್ ಸಂಖ್ಯೆ, ಕೊಂಡ ದಿನ, ಕೊಟ್ಟ ಬೆಲೆ, ಎರಡೂ ಬದಿಯ ಫೋಟೊ. ವಿಮೆಗೂ ತೆರಿಗೆಗೂ ಇದೇ ಆಧಾರ. ಅಮೆರಿಕದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಸಂಗ್ರಹ ವಸ್ತುಗಳ ಲಾಭದ ಮೇಲೆ ಕೇಂದ್ರ ತೆರಿಗೆ 28%ರವರೆಗೆ ಹೋಗುತ್ತದೆ.

ಸಂಗ್ರಹವನ್ನು ಭಾರತಕ್ಕೆ ತರುವವರು ಕಸ್ಟಮ್ಸ್ ನಿಯಮವನ್ನು ಮೊದಲೇ ಕೇಳಿ, ರಸೀದಿ ಸಮೇತ ಘೋಷಿಸಿ. ನಮ್ಮ 1972ರ ಪುರಾವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ನಾಣ್ಯಗಳು ಪುರಾವಸ್ತುಗಳ ಸಾಲಿಗೆ ಸೇರುತ್ತವೆ. ಅವನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೆ ನಿರ್ಬಂಧವಿದೆ. ತಂದದ್ದನ್ನು ಮತ್ತೆ ಒಯ್ಯುವ ಯೋಚನೆಯಿದ್ದರೆ ಕಾಗದಪತ್ರ ಮೊದಲು ಸರಿಮಾಡಿಕೊಳ್ಳಿ. ನಿಮ್ಮ ನಂತರ ಇವು ಯಾರ ಕೈಗೆ ಹೋಗಬೇಕು, ಮಾರುವುದಾದರೆ ಯಾರನ್ನು ಕೇಳಬೇಕು ಎಂಬುದನ್ನೂ ಮನೆಯವರಿಗೆ ಬರೆದಿಡಿ. ವಿಷಯ ತಿಳಿಯದ ಮನೆಯಲ್ಲಿ ಅಪರೂಪದ ನಾಣ್ಯವೂ ಬೆಳ್ಳಿಯ ತೂಕಕ್ಕೆ ಹೋಗಿಬಿಡುತ್ತದೆ.

14. ಮೊದಲ ವರ್ಷ ಐದೇ ನಾಣ್ಯ

ಎಲ್ಲಿಂದ ಹಿಡಿಯಲಿ ಎನ್ನುವವರಿಗೆ ನನ್ನ ಪಟ್ಟಿ ಇದು.

- 1881ರ ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗನ್, ಎಂಎಸ್-64: ಒಳ್ಳೆಯ ಅಚ್ಚು ಮತ್ತು ಹೊಳಪು ಹೇಗಿರುತ್ತದೆಂದು ಕಲಿಸಲು.
- 1885ರ ನ್ಯೂ ಓರ್ಲಿಯನ್ಸ್ ಮಾರ್ಗನ್: ಕೂದಲು ಮತ್ತು ಎದೆಯ ಅಚ್ಚನ್ನು ಮೊದಲನೆಯದರ ಜೊತೆ ಹೋಲಿಸಲು.
- 1884ರ ಕಾರ್ಸನ್ ಸಿಟಿ ಮಾರ್ಗನ್, ಸರ್ಕಾರದ ಮೂಲ ಡಬ್ಬಿಯಲ್ಲಿ: ಉಳಿವಿನ ಲೆಕ್ಕ ಕಲಿಸಲು.
- 1921ರ ಫಿಲಡೆಲ್ಫಿಯಾ ಮಾರ್ಗನ್, ಸವೆದದ್ದು: ಕರಗಿಸಿದ ನಾಣ್ಯಗಳ ಜಾಗ ತುಂಬಲು ಪಿಟ್‌ಮನ್ ಕಾಯ್ದೆಯೇ ಇದನ್ನು ಹುಟ್ಟಿಸಿತು. ತೂಕ, ಸಾಂದ್ರತೆಯ ಪರೀಕ್ಷೆಗಳನ್ನು ಇದರ ಮೇಲೆ ಅಭ್ಯಾಸ ಮಾಡಿ.
- 1922ರ ಫಿಲಡೆಲ್ಫಿಯಾ ಪೀಸ್ ಡಾಲರ್: 5,17,37,000 ಅಚ್ಚಾದದ್ದು, ಸುಲಭಕ್ಕೆ ಸಿಗುತ್ತದೆ, ಎರಡನೇ ಸರಣಿಯ ಬಾಗಿಲು ತೆರೆಯಲು.

ಈ ಐದನ್ನು ತಿಂಗಳುಗಟ್ಟಲೆ ತಿರುಗಿಸಿ ನೋಡಿ, ಪ್ರತಿಯೊಂದರ ಕಥೆಯನ್ನೂ ನಿಮ್ಮ ಮಾತಿನಲ್ಲಿ ಒಂದು ಪುಟ ಬರೆಯಿರಿ, ಮನೆಯ ಮಕ್ಕಳಿಗೆ ಹೇಳಿ. ಅಷ್ಟಾದ ಮೇಲೆ ಆರನೇ ನಾಣ್ಯ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ, ನೀವೇ ಆರಿಸಬಲ್ಲಿರಿ. ದೊಡ್ಡ ಹಣ ಬಿಚ್ಚುವ ಸಮಯ ಅದೇ.